ಬಾಯಿ ಬಿಡದ ನಿಧಾನಿ

ವಯಸ್ಸು ನಲವತ್ತರ ಹತ್ತಿರ ಬಂದಿದ್ದರೂ ಮನೆಯಲ್ಲೂ ಬೀದಿಯಲ್ಲೂ ಅವನು ನಿಧಾನಿಯೇ. ಬುದ್ಧಿ ತುಸು ತಡವಾಗಿ ಹೆಜ್ಜೆ ಹಾಕುತ್ತಿತ್ತು, ಅಷ್ಟೆ, ಕೈಕಾಲು ಗಟ್ಟಿಯಾಗಿದ್ದವು. ನಿಧಾನವೇ ಪ್ರಧಾನ ಎಂದು ಗಾದೆ ಹೇಳುವ ಜನ, ನಿಜವಾದ ನಿಧಾನಿ ಎದುರಿಗೆ ಬಂದರೆ ಗಡಿಯಾರ ನೋಡಿಕೊಳ್ಳುತ್ತಾರೆ. ಅಪ್ಪ ಅಮ್ಮ ಹೋದ ಮೇಲೆ ಅವನು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ, ಮುರುಕು ಕುರ್ಚಿ, ಕೆಟ್ಟ ಫ್ಯಾನುಗಳ ಪಕ್ಕದಲ್ಲಿ ಮಲಗುತ್ತಿದ್ದ. ಭಾವ ಕೆಟ್ಟವನಲ್ಲ. ಆದರೆ ಊಟಕ್ಕೆ ಕೂತಾಗಲೆಲ್ಲ "ಕೂಳಿಗೆ ದಂಡ, ಭೂಮಿಗೆ ಭಾರ" ಎಂದು ಗೋಡೆಯ ಕಡೆ ತಿರುಗಿ ಹೇಳುವ ಅಭ್ಯಾಸವಿತ್ತು. ಗೋಡೆಗೆ ಕೇಳಿಸಿತೋ ಇಲ್ಲವೋ, ನಿಧಾನಿಗಂತೂ ಕೇಳಿಸುತ್ತಿತ್ತು.

ಅವನಿಗೊಂದು ಚಾಳಿ. ಏನು ಮಾಡುವ ಮೊದಲೂ "ಇದು ಸರೀನಾ?" ಎಂದು ಯಾರನ್ನಾದರೂ ಕೇಳಬೇಕು. ಚಪ್ಪಲಿ ಮೆಟ್ಟುವಾಗ, ನಲ್ಲಿ ನಿಲ್ಲಿಸುವಾಗ, ಬಾಗಿಲು ಹಾಕುವಾಗ. ಒಂದು ಗೋದಾಮಿನಲ್ಲಿ ಡಬ್ಬ ಜೋಡಿಸುವ ಕೆಲಸ ಸಿಕ್ಕಿತ್ತು. ಮಧ್ಯಾಹ್ನದೊಳಗೇ ಯಜಮಾನ ಅಕ್ಕನನ್ನು ಕರೆಸಿ ಕೈಮುಗಿದ. "ಇವನಿಗೆ ಉತ್ತರ ಹೇಳೋಕೆ ನಾನು ಇನ್ನೊಬ್ಬ ಆಳು ಇಡ್ಬೇಕಾಗುತ್ತೆ, ತಾಯಿ, ಕರ್ಕೊಂಡು ಹೋಗಿ."

ಇಂಥವರಿಗೆ ಸಂಬಳದ ಕೆಲಸ ಹುಡುಕಿ, ಅವರು ಅಲ್ಲಿ ಊರಿ ನಿಲ್ಲುವ ತನಕ ಜೊತೆಗಿದ್ದು ಕಲಿಸುವ ಸಂಸ್ಥೆಯೊಂದಿತ್ತು. ಅಕ್ಕ ಅದರ ಬಾಗಿಲಿಗೆ ಅಲೆದಲೆದ ಮೇಲೆ, ಕೊನೆಗೆ ಅಲ್ಲಿಂದ ಟೀಚರಮ್ಮ ಬಂದರು. ಅವನನ್ನು "ನೀವು" ಎಂದ ಮೊದಲ ಮನುಷ್ಯರು ಅವರು. ನಿಧಾನಿ ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡಿದ್ದ.

ಟೀಚರಮ್ಮ ಕೊಡಿಸಿದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಕೆಲಸ. ನೆಲಮಾಳಿಗೆಯ ಉದ್ದನೆಯ ಕೋಣೆ, ಆವಿ, ಬ್ಲೀಚಿನ ಘಾಟು, ಗುಡುಗುವ ಯಂತ್ರಗಳು. ವಾರ್ಡುಗಳಿಂದ ಬಂದ ಚೀಲ ಬಿಚ್ಚಿ, ಹಾಸುಬಟ್ಟೆಗಳನ್ನು ಬಿಡಿಸಿ ನೋಡಿ, ಯಂತ್ರದ ಹೊಟ್ಟೆಗೆ ತುಂಬಬೇಕು. ಮೊದಮೊದಲು ಟೀಚರಮ್ಮ ಅವನ ಮೊಣಕೈ ತಾಗುವಷ್ಟು ಹತ್ತಿರ ನಿಲ್ಲುತ್ತಿದ್ದರು. ಆಮೇಲೆ ಕಂಬದ ಬಳಿ, ಆಮೇಲೆ ಬಾಗಿಲಾಚೆ. ಕಲಿಸುವ ಕ್ರಮವೇ ಹಾಗೆ: ಹಿಂದೆ ಸರಿಯುತ್ತ ಸರಿಯುತ್ತ ಒಂದು ದಿನ ಇಲ್ಲವಾಗಬೇಕು. ಅದಕ್ಕೆ ಆ ಚಾಳಿ ಅಡ್ಡ.

"ನನ್ನನ್ನ ಕೇಳ್ಬೇಡಿ, ನಿಮ್ಮನ್ನೇ ಕೇಳ್ಕೊಳ್ಳಿ. ನಿಮಗೆ ಗೊತ್ತಿದೆ," ಎನ್ನುತ್ತಿದ್ದರು. ಪ್ರಶ್ನೆ ನಾಲಿಗೆಯ ತುದಿಗೆ ಬಂದು ಒಳಗಿಳಿದಾಗಲೆಲ್ಲ "ಭೇಷ್!" ಎನ್ನುತ್ತಿದ್ದರು. ಬಟ್ಟೆಯಲ್ಲಿ ಚೂಪಾದದ್ದು ಸಿಕ್ಕರೆ ಮುಟ್ಟದೆ ಕೂಗಬೇಕು ಎಂದೂ ಹೇಳಿದ್ದರು. ಅದನ್ನು ಹೇಳಿದ್ದು ಮೊದಲ ದಿನ, ಒಮ್ಮೆ. ಕೇಳಬೇಡಿ ಎಂದದ್ದು ದಿನವೂ. ಒಳ್ಳೆಯವರು ಮಾಡುವ ತಪ್ಪು ಹೀಗೆಯೇ ಇರುತ್ತದೆ, ಬೈಯಲೂ ಬಾಯಿ ಬರುವುದಿಲ್ಲ.

ನಿಧಾನಿ ಕಲಿತ. ಕೆಲಸ ಕಾಯಂ ಆಯಿತು. ಅಂದು ಭಾವ ಗೋಡೆ ಬಿಟ್ಟು ಹೆಂಡತಿಯ ಕಡೆ ತಿರುಗಿ, "ದುಡಿದು ಬಂದಿದ್ದಾನೆ, ಮೊದ್ಲು ಅವನಿಗೆ ಬಡಿಸೇ," ಎಂದ. ನಿಧಾನಿ ಎರಡೆರಡು ಸಲ ಬಡಿಸಿಕೊಂಡು ಉಂಡ, ಅಷ್ಟು ಸಂತೋಷ. ಈ ಕೆಲಸ ಹೋದರೆ ಈ ಮಾತೂ ಹೋಗುತ್ತದೆ ಎಂಬುದು ಅವನಿಗೆ ಯಾರೂ ಹೇಳಿಕೊಡದೆ ಅರ್ಥವಾಗಿತ್ತು.

ಮುಂದಿನ ಸಲ ಟೀಚರಮ್ಮ ವಿಚಾರಿಸಲು ಬಂದಾಗ ಸೂಪರ್‌ವೈಸರ್ ಹೊಗಳಿದ್ದೇ ಹೊಗಳಿದ್ದು. "ಚಿನ್ನದಂಥ ಮನುಷ್ಯ ಮೇಡಮ್. ಇಲ್ಲಿರೋರಿಗೆಲ್ಲ ಬಾಯಿ ಜಾಸ್ತಿ, ಕೈ ಕಮ್ಮಿ. ಇವನು ತುಟಿ ಪಿಟಕ್ ಅನ್ನಲ್ಲ."

ಟೀಚರಮ್ಮನ ಮುಖ ಅರಳಿತು. ಅದನ್ನು ಕಂಡು ನಿಧಾನಿಯೂ ಉಬ್ಬಿದ. ಕೈಗವಸು ಕಳಚಿ ಅಂಗೈ ಚಾಚಿದ.

"ಸೂಜಿ ಚುಚ್ಚಿದಾಗ್ಲೂ ಕೇಳ್ಲಿಲ್ಲ ಟೀಚರಮ್ಮ."

ಹಾಸುಬಟ್ಟೆಯ ಮಡಿಕೆಯೊಳಗೆ ಯಾರೋ ಬಿಟ್ಟಿದ್ದ ಇಂಜೆಕ್ಷನ್ ಸೂಜಿ. ಕೈಗವಸನ್ನೂ ದಾಟಿ ನಾಟಿತ್ತು, ರಕ್ತ ಬಂದಿತ್ತು. "ಇದು ಸರೀನಾ?" ಎಂಬುದು ಗಂಟಲ ತನಕ ಬಂದಿತ್ತಂತೆ. ತನ್ನನ್ನೇ ಕೇಳಿಕೊಂಡ. ಗೊತ್ತಾಗಲಿಲ್ಲ. ಕೈ ಒರೆಸಿಕೊಂಡು ಮುಂದಿನ ಚೀಲ ಬಿಚ್ಚಿದ. ಇದೆಲ್ಲ ಆದದ್ದು ಯಾವಾಗ ಎಂದರೆ, "ಅಕ್ಕ ಬಾಡಿಗೆ ಕಟ್ಟಿದ ದಿನ," ಎಂದ. ಅದಾಗಿ ವಾರಗಳೇ ಕಳೆದಿದ್ದವು.

ಮೇಲಿನ ಮಹಡಿಯಲ್ಲಿ ಡಾಕ್ಟರು ರಕ್ತ ತೆಗೆಸಿದರು. "ಅವತ್ತೇ ಬಂದಿದ್ರೆ ಸೂಜಿಯಿಂದ ರೋಗ ಅಂಟದ ಹಾಗೆ ಔಷಧಿ ಕೊಡಬಹುದಿತ್ತು. ಈಗ ಕಾದು ನೋಡೋದಷ್ಟೇ. ತಿಂಗಳುಗಟ್ಟಲೆ ಆಗಬಹುದು, ಮತ್ತೆ ಮತ್ತೆ ಪರೀಕ್ಷೆ ಮಾಡಬೇಕು," ಎಂದರು. ಮೆಟ್ಟಿಲಿನ ಕೆಳಗೆ, ಔಷಧಿ ಇದ್ದ ಕಟ್ಟಡದಲ್ಲೇ, ಅವನು ದಿನಾ ದುಡಿಯುತ್ತಿದ್ದ. ಟೀಚರಮ್ಮ ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರು ಅಳುವುದು ಏಕೆಂದು ನಿಧಾನಿಗೆ ತಿಳಿಯಲಿಲ್ಲ, ಆದರೆ ಹೆದರಿಕೆಯಾಯಿತು.

ಸೂಪರ್‌ವೈಸರ್ ಅಲ್ಲಿಗೇ ಬಂದು ಅವನ ಗುರುತಿನ ಚೀಟಿ ಬಿಚ್ಚಿಸಿಕೊಂಡ. "ರಿಪೋರ್ಟ್ ಬರೋ ತನಕ ಮನೇಲಿರಪ್ಪ. ಮೇಲಿನೋರ ಆರ್ಡರ್ರು, ನನ್ನ ಕೈಲೇನಿಲ್ಲ."

"ಅವರದ್ದೇನೂ ತಪ್ಪಿಲ್ಲ ಸಾರ್! ತಪ್ಪು ನಂದು, ಅವರಿಗೆ ಕೇಳ್ಬೇಡಿ ಅಂತ ಕಲಿಸಿದ್ದು ನಾನು," ಎಂದು ಟೀಚರಮ್ಮ ಎದ್ದು ನಿಂತರು. ಆಮೇಲೆ ನಿಧಾನಿಯ ಕಡೆ ತಿರುಗಿ, "ಇನ್ಮೇಲೆ ಏನಾದ್ರೂ ಹೇಳ್ಬೇಕು, ಕೇಳ್ಬೇಕು, ಆಯ್ತಾ?" ಎಂದರು.

ನಿಧಾನಿ ಯೋಚಿಸಿದ, ತನ್ನ ಎಂದಿನ ವೇಗದಲ್ಲಿ. ಸೂಜಿ ಚುಚ್ಚಿದ ದಿನ ಕೆಲಸವಿತ್ತು. ಮಾರನೆಯ ದಿನವೂ ಇತ್ತು. ಇವತ್ತು ಬೆಳಿಗ್ಗೆ ಹೇಳುವ ತನಕವೂ ಇತ್ತು. ಅವನು ಟೀಚರಮ್ಮನನ್ನು ಬಿಟ್ಟು ಸೂಪರ್‌ವೈಸರನ ಕೈ ಹಿಡಿದುಕೊಂಡ.

"ತಪ್ಪಾಯ್ತು ಸಾರ್. ಇನ್ನೊಂದ್ಸಲ ಚುಚ್ಚಿದ್ರೆ ಯಾರಿಗೂ ಹೇಳಲ್ಲ. ಕೆಲಸ ಕೊಡಿ."