ನೀರಿಗಿಂತ ಮೊದಲು ಮೂಡಿದ ಸಾಲು

ಶಕುನ, ಭಾಸ ಎಂದವರನ್ನು ಕಂಡು ನಗುತ್ತಿದ್ದವಳು ನಾನು. ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ಕಣ್ಣಾರೆ ಕಾಣದ್ದನ್ನು ನಂಬುತ್ತಿರಲಿಲ್ಲ. ಈಗ ಎರಡು ವರ್ಷದ ಹಿಂದೆ ಕಣ್ಣಾರೆ ಕಂಡದ್ದನ್ನೇ ನಂಬಲಾಗದೆ ಕುಳಿತಿದ್ದೇನೆ.

ನನ್ನ ಮಗಳ ಮಗಳು ಶಿವಲೀಲಾ ಸಪ್ತಾಪುರದಲ್ಲಿ ಖೋಲಿ ಹಿಡಿದು ಕಂಪ್ಯೂಟರ್ ಕಲಿಯುತ್ತಿದ್ದಳು. ಹೇಳುವಾಗ ಈಗಲೂ ಎದೆ ತುಂಬುತ್ತದೆ. ನಮ್ಮ ಉಣಕಲ್ಲಿನ ಮನೆಯಲ್ಲಿ ನಲ್ಲಿಗೆ ವಾರಕ್ಕೊಮ್ಮೆ ನೀರು. ಯಾವ ಹೊತ್ತಿಗೋ ದೇವರಿಗೇ ಗೊತ್ತು. ಅವಳು ನಮ್ಮಲ್ಲಿ ಬಂದು ಉಳಿದು, ಆ ನಲ್ಲಿಗೆ ಸಣ್ಣದೊಂದು ಡಬ್ಬಿ ಕಟ್ಟಿ, ನೀರು ಬಂದ ವೇಳೆಯನ್ನು ತಾನೇ ಬರೆದಿಡುವ ಪೈಥಾನ್ ಪ್ರೋಗ್ರಾಂ ಮಾಡಿದ್ದಳು. ಕಾಲೇಜಿನ ಪ್ರಾಜೆಕ್ಟ್ ಅದು; ಹಿಂದಿನ ವರ್ಷ ಇದರಲ್ಲೇ ಫೇಲಾಗಿದ್ದಳು. ಈ ಸಲವೂ ಆದರೆ ಕಾಲೇಜು ಮುಗಿದ ಹಾಗೆಯೇ.

ಡಬ್ಬಿಯನ್ನು ಪರೀಕ್ಷಿಸಲು ಕೈಯಿಂದ ನೀರು ಸುರಿದು ನೋಡಿದರೆ ಅದು ಬರೆದ ವೇಳೆ ತಪ್ಪು. ಮೊದಲು ಐದೂವರೆ ತಾಸು ಹಿಂದೆ; ವಿಲಾಯತಿಯ ವೇಳೆ ಹಿಡಿದಿತ್ತಂತೆ, ಸರಿಮಾಡಿದಳು. ಆಮೇಲೆ ಹತ್ತು ನಿಮಿಷ ಮುಂದೆ. ಮೂರು ದಿನ ಊಟ ಬಿಟ್ಟು ಹುಡುಕಿದಳು. ಕೊನೆಗೆ ತಪ್ಪು ನನ್ನದೇ! ಕರೆಂಟು ಹೋಗಿ ಡಬ್ಬಿಯ ವೇಳೆ ಅಳಿಸಿಹೋದಾಗ ಅವಳು ನಮ್ಮ ಗೋಡೆ ಗಡಿಯಾರ ನೋಡಿ ತುಂಬಿದ್ದಳು. ಅದನ್ನು ನಾನು ಮೊದಲಿನಿಂದಲೂ ಹತ್ತು ನಿಮಿಷ ಮುಂದಿಡುತ್ತೇನೆ.

“ಆಯಿ, ನಿನ್ನ ಗಡಿಯಾರ ನನ್ನ ಜೀವಾನ ತಗೊಂಡಿತ್ತ ನೋಡ!”

“ನಾ ಏನ ಮಾಡ್ಲೆವ್ವ, ನಿಮ್ಮವ್ವನ್ನ ಸಾಲಿಗೆ ಹೊರಡಸಾಕ ಇಟ್ಟಿದ್ದೆ.”

ಮೊಬೈಲ್ ನೋಡಿ ಡಬ್ಬಿ, ಗಡಿಯಾರ ಎರಡನ್ನೂ ಸರಿಮಾಡಿದಳು.

ಕಾಲೇಜಿಗೆ ಒಪ್ಪಿಸುವ ದಿನ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಸಾಲು ಮೂಡಿತು: ನೀರು ಬಂತು, ಏಳು ಹತ್ತು. ನಲ್ಲಿ ಒಣಗಿತ್ತು. ಮೊಬೈಲಿನಲ್ಲಿ ಸರಿಯಾಗಿ ಏಳು ಗಂಟೆ.

“ಮುಗೀತು ಆಯಿ. ನನ್ನ ಕೈಲೆ ಆಗಂಗಿಲ್ಲ. ಅಪ್ಪಗ ಹೇಳಿಬಿಡ, ನಾ ಕಾಲೇಜ ಬಿಡ್ತೇನಿ.”

“ಹುಚ್ಚಿ, ಒಂದ ಗುಟುಕು ಚಾ ಕುಡಿ.”

ಕುಡಿಯಲಿಲ್ಲ. ಖಾಲಿ ಕೊಡಗಳ ನಡುವೆ ಕುಳಿತು ಅವಳ ಬಿಕ್ಕಳಿಕೆ ಕೇಳುತ್ತ ಗಡಿಯಾರದ ಮುಳ್ಳನ್ನೇ ನೋಡಿದೆ. ಅಷ್ಟು ಕೈಸೋತ ಹೊತ್ತನ್ನು ನಾನು ಕಂಡಿಲ್ಲ.

ಏಳು ಹತ್ತಕ್ಕೆ ನಲ್ಲಿ ಕೆಮ್ಮಿತು. ನೀರು ಬಂತು.

ಕಣ್ಣೊರೆಸಿಕೊಂಡು ಅದನ್ನೇ ಒಯ್ದು ಒಪ್ಪಿಸಿದಳು; ಬರೆದ ವೇಳೆ ಸರಿಯಿದೆಯೆಂದು ಕಾಲೇಜಿನವರು ಪಾಸು ಮಾಡಿದರು. ಓಣಿಗೆಲ್ಲ ಸಕ್ಕರೆ ಹಂಚಿದೆ! ನೀರಿಗಿಂತ ಮೊದಲು ಕೊಳವೆಯಲ್ಲಿ ಗಾಳಿ ಬರುತ್ತದೆ, ಅದಕ್ಕೇ ಸಾಲು ಮೂಡಿರಬೇಕು ಎನ್ನುತ್ತಾಳೆ ಶಿವಲೀಲಾ. ಇರಬಹುದು. ಆದರೆ ಏಳು ಹತ್ತು ಎಂದು ಗಾಳಿಗೆ ಹೇಳಿದವರು ಯಾರು? ಗಡಿಯಾರವನ್ನು ಮತ್ತೆ ಮುಂದಿಡಲು ನನಗೆ ಇಂದಿಗೂ ಕೈ ಬಂದಿಲ್ಲ.