ಕಮ್ನಾನರ ಬಾನೆಟ್ಟಿನ ಮೇಲೆ ಮೂಡಿದ ಅಂಕಿ

ವಿಚಿಯನ್‌ನ ಪ್ಯಾಡುಗಳು ಒಣಗುವುದು ನನ್ನ ಹಗ್ಗದ ಮೇಲೆ. ಹಗ್ಗ ನನ್ನದು, ಕಂಬವೂ ನನ್ನದು, ಬಿಸಿಲು ಮಾತ್ರ ಇಬ್ಬರದು. ಉಬೋನ್ ಪಟ್ಟಣಕ್ಕೆ ಹೋಗುವ ರಸ್ತೆಯ ಪಕ್ಕ ನಾನು ಪಪ್ಪಾಯಿಕಾಯಿ ಕುಟ್ಟಿ ಮಾರುವ ಅಂಗಡಿ. ಅದಕ್ಕೆ ಅಂಟಿಕೊಂಡ ತಗಡಿನ ಮಾಡಿನಡಿ ಅವನು ಕಾರುಗಳಿಗೆ ಪಾಲಿಶ್ ಹಿಡಿಯುತ್ತಾನೆ. ಕಿತ್ತಳೆ, ಬಿಳಿ, ಕಪ್ಪು ಬಣ್ಣದ ಫೋಮಿನ ಬಿಲ್ಲೆಗಳು ಸಾಲಾಗಿ ನೇತಾಡುವುದನ್ನು ಕಂಡು ಹೊಸ ಗಿರಾಕಿಗಳು, "ಅಕ್ಕ, ಆ ಕೇಕ್ ಕೊಡ್ತೀರಾ?" ಎಂದು ಕೇಳಿದ್ದುಂಟು. ಒಂದು ದಿನ ಪ್ಯಾಡಿನ ಕೊಳೆನೀರು ನನ್ನ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕಿದಾಗ ನಿಜಕ್ಕೂ ಮಾರಿಬಿಡೋಣ ಅನ್ನಿಸಿತ್ತು.

ವಿಚಿಯನ್‌ಗೆ ಮಾತು ಕಡಿಮೆ ಎಂದು ಊರವರು ಹೇಳುತ್ತಾರೆ. ಅವರು ಅವನೆದುರು ಪ್ಯಾಡಿನ ವಿಷಯ ಎತ್ತಿ ನೋಡಿಲ್ಲ, ಅಷ್ಟೆ. ನನಗೆ ಕಾರಿಲ್ಲ, ಇರುವ ಸೈಕಲ್ಲಿಗೆ ಬೆಲ್ಲೂ ಇಲ್ಲ. ಆದರೂ ನೆರೆಯವಳಾದ ತಪ್ಪಿಗೆ ಪ್ಯಾಡಿನ ಶಾಸ್ತ್ರವೆಲ್ಲ ನನಗೆ ಬಾಯಿಪಾಠವಾಗಿದೆ.

"ಬಣ್ಣ ನೋಡಿ ಪ್ಯಾಡ್ ತಗೋಬಾರದು ಅಕ್ಕ. ಒಂದು ಕಂಪನಿಯ ಕಿತ್ತಳೆ ಕಲ್ಲಿನ ಹಾಗಿರತ್ತೆ, ಇನ್ನೊಂದರದ್ದು ಬೆಣ್ಣೆ. ಹಿಂಡಿ ನೋಡ್ಬೇಕು. ಹಿಂಡಿ ಬಿಟ್ಟಮೇಲೆ ಹೇಗೆ ಎದ್ದೇಳತ್ತೆ ಅಂತ ನೋಡ್ಬೇಕು."

"ನನಗೆ ಗಂಡು ಹುಡುಕುವಾಗ ನಮ್ಮಪ್ಪ ಇಷ್ಟು ನೋಡಿದ್ರೆ ನಾನಿವತ್ತು ಇಲ್ಲಿ ಮೆಣಸಿನಕಾಯಿ ಕುಟ್ತಾ ಕೂತಿರ್ತಿರಲಿಲ್ಲ ಬಿಡು."

ಅವನು ನಗಲಿಲ್ಲ. ಪ್ಯಾಡಿನ ವಿಷಯದಲ್ಲಿ ಅವನು ನಗುವುದಿಲ್ಲ. ಗಟ್ಟಿ ಪ್ಯಾಡು ಹಳೆಯ ಗೀರು ಕೆರೆದು ತೆಗೆಯುತ್ತದೆ, ಆದರೆ ಹೋಗುವಾಗ ತನ್ನದೇ ಸಣ್ಣ ಗೀರುಗಳನ್ನು ಸುತ್ತುಸುತ್ತಾಗಿ ಬಿಟ್ಟುಹೋಗುತ್ತದೆ. ಅವನು ಅದಕ್ಕೆ ಸುಳಿಗೀರು ಎನ್ನುತ್ತಾನೆ. ನೆರಳಲ್ಲಿ ಅದು ಕಾಣುವುದಿಲ್ಲ, ಬಿಸಿಲಿಗೆ ತಂದರೆ ಮೈಯೆಲ್ಲ ಎದ್ದು ಕಾಣುತ್ತದೆ. ಹಾಗಾಗಿ ಗಟ್ಟಿಯದರ ಹಿಂದೆ ಮೆತ್ತನೆಯ ಕಪ್ಪು ಪ್ಯಾಡು ಹೋಗಲೇಬೇಕು. ಪ್ಯಾಡು ನೆಲಕ್ಕೆ ಬಿತ್ತೋ, ಒಂದು ಕಾಳು ಮರಳು ಸಿಕ್ಕಿಕೊಂಡರೂ ಸಾಕು, ಮುಂದಿನ ಕಾರಿನ ಗತಿ ಮುಗಿಯಿತು ಎಂದು ಅದನ್ನು ಕೆಲಸದಿಂದಲೇ ಕಿತ್ತುಹಾಕುತ್ತಾನೆ. ಅಂಥ ನಿವೃತ್ತರಲ್ಲಿ ಒಂದು ಈಗ ನನ್ನ ಒರಳು ಉಜ್ಜುತ್ತಿದೆ. ಒರಳು ಫಳಫಳ ಅನ್ನುತ್ತದೆ, ಸುಳ್ಳು ಹೇಳಬಾರದು.

ಮಾಡಿನ ಮುಂದೆ ಅವನು ಸ್ವಂತ ಕೈಯಿಂದ ಬರೆದ ಹಲಗೆಯಿದೆ: "ಸುಳಿಗೀರು ಇಟ್ಟುಕೊಂಡು ಇಲ್ಲಿಂದ ಯಾವ ಗಾಡಿಯೂ ಹೋಗಿಲ್ಲ." ಆ ಹಲಗೆಯೇ ಅವನ ಆಸ್ತಿ. ಹೆಂಡತಿ ಲಮ್ಯಾಯ್‌ಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಅವಳು ನನ್ನ ಹುಣಸೆಮರದ ಕೆಳಗೆ ಮರದ ಪೆಟ್ಟಿಗೆ ತೆರೆದಿಟ್ಟುಕೊಂಡು ಲಾಟರಿ ಟಿಕೆಟ್ ಮಾರುತ್ತಾಳೆ. ಗಂಡ ಕೈಯನ್ನು ನಂಬಿ ಬದುಕಿದರೆ ಹೆಂಡತಿ ಊರವರ ಕನಸನ್ನು ನಂಬಿ ಬದುಕುತ್ತಾಳೆ. ಮನೆಗೆ ಅಕ್ಕಿ ಹೆಚ್ಚು ತರುವವಳು ಅವಳೇ.

ಹೀಗಿರುವಾಗ ನಮ್ಮ ಹತ್ತೂರಿನ ಮುಖ್ಯಸ್ಥರಾದ ಕಮ್ನಾನ್ ಬುನ್‌ಲರ್ಟ್ ತಮ್ಮ ಕರೀ ಪಿಕಪ್ಪನ್ನು ತಂದು ನಿಲ್ಲಿಸಿದರು. ಮಗ ಭಿಕ್ಷುವಾಗುವ ದೀಕ್ಷೆಯಿತ್ತು. ಬೋಳು ತಲೆ, ಬಿಳಿ ಬಟ್ಟೆಯಲ್ಲಿ ಅವನನ್ನು ಆ ಪಿಕಪ್ಪಿನ ಹಿಂದೆ ಕೂರಿಸಿ, ಡೋಲು ಬಡಿದು ಕುಣಿಯುತ್ತಾ ದೇವಾಲಯಕ್ಕೆ ಕರೆದೊಯ್ಯಬೇಕು. ಲಾಟರಿ ಎತ್ತುವ ಹದಿನಾರನೇ ತಾರೀಖಿನ ಮರುದಿನವೇ ಮೆರವಣಿಗೆ.

"ಹತ್ತೂರಿನ ಜನ ನೋಡೋ ಗಾಡಿ ವಿಚಿಯನ್. ಮುಖ ಕಾಣ್ಬೇಕು," ಎಂದರು ಕಮ್ನಾನ್.

"ಬರೀ ಮುಖ ಅಲ್ಲ, ಮುಖದ ಮೇಲಿನ ಮಚ್ಚೆ ಕಾಣತ್ತೆ ಕಮ್ನಾನ್‌ರೇ," ಎಂದ ಅವನು. ಕಮ್ನಾನರ ಮೂಗಿನ ಮೇಲೆ ಒಂದು ಮಚ್ಚೆಯಿದೆ. ಅವನು ಅದನ್ನು ಮರೆತಿದ್ದ.

ಬಾನೆಟ್ಟಿನ ಮೇಲೆ ಹಕ್ಕಿ ಹಿಕ್ಕೆ ಒಣಗಿ ಬಣ್ಣವನ್ನೇ ತಿಂದಿತ್ತು. ವಿಚಿಯನ್ ಮೊದಲು ಒಂದು ಮೂಲೆಯಲ್ಲಿ ಮೆತ್ತನೆಯದನ್ನೇ ಆಡಿಸಿ ನೋಡಿದ, ಜಗ್ಗಲಿಲ್ಲ. ಆಮೇಲೆ ಗಟ್ಟಿ ಕಿತ್ತಳೆ ಪ್ಯಾಡು ಕಟ್ಟಿ ಯಂತ್ರ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಕಲೆ ಹೋಯಿತು. ಎಷ್ಟು ಸುಳಿಗೀರು ಉಳಿದಿದೆ ಎಂದು ನೋಡಲು ಗಾಡಿಯನ್ನು ಬಿಸಿಲಿಗೆ ತಳ್ಳಿ, ಕಪ್ಪು ಪ್ಯಾಡು ಒಣಗಿದೆಯೇ ಎಂದು ನೋಡಲು ನನ್ನ ಹಿತ್ತಿಲಿನ ಹಗ್ಗದ ಹತ್ತಿರ ಬಂದ. ಒಂಚೂರು ತೇವವಿತ್ತು. ಒದ್ದೆ ಪ್ಯಾಡು ಕಟ್ಟಿದರೆ ಪಾಲಿಶೆಲ್ಲ ಚಿಮ್ಮುತ್ತದೆಂದು ಅಲ್ಲೇ ನಿಂತು ಅದನ್ನು ಬೀಸಣಿಗೆಯಂತೆ ಆಡಿಸತೊಡಗಿದ.

ಆ ಹೊತ್ತಿಗೆ ಬುವಾ ಅತ್ತೆ ಊಟಕ್ಕೆ ಬಂದಳು. ಬುವಾ ಅತ್ತೆ ಮೊಟ್ಟೆ ಮಾರುವವಳು, ಊರಿಗೆಲ್ಲ ಅತ್ತೆ. ಎರಡು ಗೊನೆ ಬಿಟ್ಟ ಬಾಳೆಗಿಡದಲ್ಲೂ, ಸತ್ತ ಆಮೆಯ ಬೆನ್ನಿನಲ್ಲೂ ಲಾಟರಿ ಅಂಕಿ ಹುಡುಕಿದ ಹೆಂಗಸು ಅವಳು. ಪಿಕಪ್ಪಿನ ಪಕ್ಕ ಹಾದುಬರುತ್ತಿದ್ದವಳು ಹಠಾತ್ತನೆ ನಿಂತು ಕಿಟಾರನೆ ಕಿರುಚಿದಳು.

"ನಾಲ್ಕು! ಅಯ್ಯೋ ನಮ್ಮಪ್ಪಾ, ನಾಲ್ಕು! ಪಕ್ಕದಲ್ಲಿ ಏಳು!"

ನಾನು ಒನಕೆ ಕೈಯಲ್ಲಿ ಹಿಡಿದೇ ಓಡಿದೆ. ಕರೀ ಬಾನೆಟ್ಟಿನ ಮೇಲೆ ಬಿಸಿಲಿಗೆ ಗೀರುಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು. ನಿಜಕ್ಕೂ ನಾಲ್ಕಿನ ಹಾಗೇ ಇತ್ತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಒಂಬತ್ತಾಗುತ್ತಿತ್ತು, ಅದು ಬೇರೆ ಮಾತು.

ವಿಚಿಯನ್ ಪ್ಯಾಡು ಒಣಗಿಸಿಕೊಂಡು ಬರುವಷ್ಟರಲ್ಲಿ ಬಾನೆಟ್ಟಿನ ಮುಂದೆ ಊದುಕಡ್ಡಿ ಉರಿಯುತ್ತಿತ್ತು. ಯಾರೋ ನೈವೇದ್ಯಕ್ಕೆಂದು ಸ್ಟ್ರಾ ಹಾಕಿದ ಕೆಂಪು ಸೋಡಾ ಬಾಟಲಿ ಇಟ್ಟಿದ್ದರು. ಬುವಾ ಅತ್ತೆ ತನ್ನ ಚೀಲದಿಂದ ಮುಖದ ಪೌಡರ್ ಡಬ್ಬಿ ತೆಗೆದು, ಅಂಕಿ ಸ್ಪಷ್ಟವಾಗಲೆಂದು ಬಾನೆಟ್ಟಿನ ಮೇಲೆ ಸುರಿದು ಅಂಗೈಯಲ್ಲಿ ಉಜ್ಜುತ್ತಿದ್ದಳು. ಅವಳ ಉಂಗುರ ಕರಕರ ಅನ್ನುತ್ತಿತ್ತು.

"ಅತ್ತೇ! ಉಂಗುರಾ!" ವಿಚಿಯನ್ ಕೂಗಿಕೊಂಡ.

"ಸುಮ್ನಿರೋ. ದೇವತೆ ಮಾತಾಡ್ತಿದಾಳೆ."

"ದೇವತೆ ಅಲ್ಲ ಅತ್ತೆ, ಅದು ನನ್ನ ಕಿತ್ತಳೆ ಪ್ಯಾಡು! ಸುಳಿಗೀರು ಅದು. ಪಕ್ಕಕ್ಕೆ ಸರಿಯಿರಿ, ಒರೆಸಿಬಿಡ್ತೀನಿ."

"ಒರೆಸ್ತಾನಂತೆ! ದೇವತೆ ಯಾರ ಕೈಯಲ್ಲಿ ಬರೆಸ್ಬೇಕು ಅನ್ನೋದು ಅವಳಿಷ್ಟ. ನಿನ್ನ ಕೈಲಿ ಬರೆಸಿದ್ಲು. ಕೈ ಮುಗಿದು ಆ ಕಡೆ ಹೋಗು."

ಅವನು ಕಪ್ಪು ಪ್ಯಾಡನ್ನು ಎದೆಗೊತ್ತಿಕೊಂಡು ಲಮ್ಯಾಯ್ ಕಡೆ ನೋಡಿದ. ಅವಳ ಸುತ್ತ ಜನ ಮುತ್ತಿಕೊಂಡಿದ್ದರು. ನಲವತ್ತೇಳರಲ್ಲಿ ಕೊನೆಯಾಗುವ ಟಿಕೆಟುಗಳು ಮುಗಿದು, ಆ ಬದಿಯಿಂದ ನೋಡಿದವರು ಎಪ್ಪತ್ತನಾಲ್ಕು, ಓರೆಯಾಗಿ ನೋಡಿದವರು ತೊಂಬತ್ತೇಳು ಕೇಳುತ್ತಿದ್ದರು. ಹೆಂಡತಿ ಅವನಿಗೆ ಕಣ್ಣಲ್ಲೇ ಹೇಳಿದಳು: ಆ ಪ್ಯಾಡು ಗಾಡಿಗೆ ತಾಗಿದರೆ ಇವತ್ತು ಊಟವಿಲ್ಲ.

ಅವನಿಗಿದ್ದದ್ದು ಇನ್ನೊಂದೇ ಆಸೆ, ಕಮ್ನಾನ್. ಸಂಜೆ ಅವರು ಬಂದಾಗ ವಿಚಿಯನ್ ಓಡಿಹೋಗಿ, "ನೀವೇ ಹೇಳಿ ಕಮ್ನಾನ್‌ರೇ, ನಿಮ್ಮ ಗಾಡಿ, ನಿಮ್ಮ ಮಗನ ದೀಕ್ಷೆ," ಎಂದ. ಕಮ್ನಾನ್ ಗಂಭೀರವಾಗಿ ಬಾನೆಟ್ಟನ್ನು ನೋಡಿದರು. ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಬುವಾ ಅತ್ತೆಯ ಕಡೆ ಕೈ ಚಾಚಿದರು.

"ಪೌಡರ್ ಸ್ವಲ್ಪ ಕೊಡಮ್ಮಾ."

ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಕಮ್ನಾನರ ತೀರ್ಪೂ ಅಲ್ಲೇ ಬಂತು: ಲಾಟರಿ ಎತ್ತುವ ತನಕ ಬಾನೆಟ್ಟನ್ನು ಯಾರೂ ಮುಟ್ಟಬಾರದು. ನಂಬರು ಹೊಡೆದರೆ ಮುಟ್ಟುವುದೇ ಬೇಡ, ಅದು ಆಯುಷ್ಯಪೂರ್ತಿ ಹಾಗೇ ಇರಲಿ. ಮೆರವಣಿಗೆಯಲ್ಲಿ ಜನ ಮುಟ್ಟಿ ನಮಸ್ಕಾರ ಮಾಡಲಿ.

"ಯಾರು ಪಾಲಿಶ್ ಮಾಡಿದ್ದು ಅಂತ ಕೇಳಿದ್ರೆ?" ವಿಚಿಯನ್ ಕ್ಷೀಣವಾಗಿ ಕೇಳಿದ.

"ನಿನ್ನ ಹೆಸರೇ ಹೇಳ್ತೀನಿ ಕಣೋ. ಹೆಮ್ಮೆಯಿಂದ ಹೇಳ್ತೀನಿ!"

ಪಾಪ, ಕಮ್ನಾನ್ ಅದನ್ನು ಉಪಕಾರವೆಂದೇ ಹೇಳಿದ್ದು. ವಿಚಿಯನ್ ಮಾತ್ರ ತನ್ನ ಹಲಗೆಯ ಕಡೆ ನೋಡಿದ. ನಂಬರು ಹೊಡೆದರೆ ಆ ಗೀರುಬಿದ್ದ ಬಾನೆಟ್ಟು ಅವನ ಹೆಸರು ಹೊತ್ತು ಹತ್ತೂರು ಸುತ್ತುತ್ತದೆ, ಸಾಯುವ ತನಕ ಸುತ್ತುತ್ತದೆ. ನನ್ನ ಬೆಂಚಿನ ಮೇಲೆ ಕೂತವನು ನಾನಿಟ್ಟ ಅಂಟು ಅನ್ನವನ್ನು ಮುಟ್ಟಲಿಲ್ಲ. ನನಗೆ ನಿಜಕ್ಕೂ ಮೈ ಉರಿಯಿತು. ಊರವರ ಮೇಲೆ ಉರಿಯಿತು, ಲಮ್ಯಾಯ್ ಮೇಲೂ ಉರಿಯಿತು. ಹಾಗಂತ ನಾನು ಕೊಂಡ ನಲವತ್ತೇಳನ್ನು ಹಿಂತಿರುಗಿಸಲಿಲ್ಲ.

ಅಲ್ಲಿಂದ ಮುಂದೆ ಊರೆಲ್ಲ ನಂಬರು ಬರಲೆಂದು ಹರಕೆ ಹೊತ್ತರೆ, ಬರದಿರಲೆಂದು ಹರಕೆ ಹೊತ್ತವನು ಒಬ್ಬನೇ. ದೇವಾಲಯದಲ್ಲಿ ಅವನು ಮಂಡಿಯೂರಿ ಕೂತದ್ದನ್ನು ಬುವಾ ಅತ್ತೆ ಕಂಡುಬಂದು, "ಕೊನೆಗೂ ಬುದ್ಧಿ ಬಂತು, ನಮಗೋಸ್ಕರ ಬೇಡ್ಕೋತಿದಾನೆ," ಎಂದು ಕಣ್ಣೊರೆಸಿಕೊಂಡಳು. ಇತ್ತ ಗಾಡಿಯ ಉಳಿದ ಮೈಯನ್ನೆಲ್ಲ ಅವನು ಕಪ್ಪು ಪ್ಯಾಡಿನಲ್ಲಿ ಕನ್ನಡಿ ಮಾಡಿಟ್ಟ. ಅದರಿಂದ ಬಾನೆಟ್ಟು ಇನ್ನಷ್ಟು ಅಧ್ವಾನವಾಗಿ ಕಾಣುವಂತಾಯಿತು.

ಹದಿನಾರರ ಮಧ್ಯಾಹ್ನ ನನ್ನ ಅಂಗಡಿಯ ರೇಡಿಯೋ ಸುತ್ತ ನೊಣಕ್ಕೂ ಜಾಗವಿರಲಿಲ್ಲ. ಕಮ್ನಾನ್ ನನ್ನ ಒಳ್ಳೆಯ ಕುರ್ಚಿಯಲ್ಲಿ ಕೂತಿದ್ದರು. ವಿಚಿಯನ್ ಹೊರಗೆ ಕಂಬಕ್ಕೊರಗಿ, ಒಣಗಿದ ಕಪ್ಪು ಪ್ಯಾಡನ್ನು ಹಿಂಡುತ್ತಾ ಬಿಡುತ್ತಾ ನಿಂತಿದ್ದ.

"ಕೊನೆಯ ಎರಡು ಅಂಕಿ," ಎಂದಿತು ರೇಡಿಯೋ. "ನಾಲ್ಕು..."

ಬುವಾ ಅತ್ತೆ ನನ್ನ ತೋಳಿಗೆ ಉಗುರು ನಾಟಿದಳು. ವಿಚಿಯನ್ ಕಣ್ಣು ಮುಚ್ಚಿದ.

"...ಆರು."

ಟಿಕೆಟು ಹಿಡಿದ ಕೈಗಳೆಲ್ಲ ಕೆಳಗಿಳಿದವು. ಒಬ್ಬ ಮನುಷ್ಯ ಮಾತ್ರ, "ಬರ್ಲಿಲ್ಲಾ!" ಎಂದು ಕೂಗಿ ಮೊಳದೆತ್ತರ ಹಾರಿದ. ಎಲ್ಲರೂ ತಿರುಗಿ ನೋಡಿದರು. ಲಮ್ಯಾಯ್ ನೋಡಿದ ರೀತಿಗೆ ಬೇರೆ ಗಂಡಸಾದರೆ ಊರು ಬಿಟ್ಟಿರುತ್ತಿದ್ದ.

"ನಿನ್ನ ಬಾಯಿಗೆ ಮಣ್ಣು ಹಾಕ! ಊರೆಲ್ಲ ಮುಳುಗಿದ್ದಕ್ಕೆ ಕುಣೀತೀಯಲ್ಲಯ್ಯಾ!" ಎಂದಳು ಅವಳು.

ಆದರೆ ಅತಿ ಬೇಗ ಬಣ್ಣ ಬದಲಿಸಿದವರು ಕಮ್ನಾನ್. ಹೊರಗೆ ಬಂದು ಬಾನೆಟ್ಟು ನೋಡಿ, "ಏನೋ ವಿಚಿಯನ್ ಇದು, ಬರೀ ಗೀರು! ಇದೇನಾ ನೀನು ಪಾಲಿಶ್ ಮಾಡೋ ಚಂದ? ನಾಳೆ ಮೆರವಣಿಗೆ ಕಣೋ!" ಎಂದು ಗದರಿದರು. ವಿಚಿಯನ್‌ನ ಮುಖ ಹಬ್ಬದಂತೆ ಅರಳಿತು.

"ಕಂಡ್ತಾ ಕಮ್ನಾನ್‌ರೇ? ಗೀರು ಅಂತ ಕಂಡ್ತಾ? ಅಬ್ಬಾ, ಕೊನೆಗೂ!"

ಗಾಡಿಯನ್ನು ಮಾಡಿನಡಿಗೆ ತಳ್ಳಿ, ಪೌಡರನ್ನು ನೀರು ಬಿಟ್ಟು ತೊಳೆದು ಕೆಲಸಕ್ಕೆ ನಿಂತ. ಉಂಗುರದ ಗೀರಿಗೆ ಇನ್ನೊಮ್ಮೆ ಗಟ್ಟಿಯದು ಬೇಕಾಯಿತು, ಆಮೇಲೆ ಬಿಳಿಯದು, ಕೊನೆಗೆ ಕಪ್ಪು. ಯಂತ್ರದ ಭಾರವಷ್ಟೇ ಬಿಟ್ಟು, ಕೈ ಒತ್ತದೆ, ಮಗುವಿನ ಬೆನ್ನು ತಟ್ಟುವಂತೆ ಆಡಿಸುತ್ತಿದ್ದ. ಬಗ್ಗಿದಾಗ ಅವನ ಅಂಗಿಯ ಜೇಬಿನಿಂದ ಏನೋ ಜಾರಿ ನನ್ನ ಕಾಲ ಬಳಿ ಬಿತ್ತು. ಎತ್ತಿ ನೋಡಿದರೆ ಲಾಟರಿ ಟಿಕೆಟ್. ಕೊನೆಯ ಎರಡು ಅಂಕಿ, ನಲವತ್ತೇಳು.

"ಇದೇನೋ ಕಳ್ಳ?"

ಅವನು ಯಂತ್ರ ನಿಲ್ಲಿಸಿ ಕಿವಿಯವರೆಗೆ ಕೆಂಪಾದ. "ಅಲ್ಲ ಅಕ್ಕ... ಲಮ್ಯಾಯ್‌ಗೆ ತಿಳಿಯದ ಹಾಗೆ ಉಬೋನ್‌ನಲ್ಲಿ ಕೊಂಡೆ. ಗೀರು ಹಾಕಿದವನು ನಾನು. ಹೊಡೆದ್ರೆ ಊರೆಲ್ಲ ಗೆದ್ದು ನಾನೊಬ್ಬನೇ ಮರ್ಯಾದೆ ಕಳ್ಕೋಬೇಕಾ ಅನ್ನಿಸ್ತು."

"ಮತ್ತೆ ಅಷ್ಟೆತ್ತರ ಯಾಕೆ ಹಾರಿದೆ?"

"ಹಾರುವಾಗ ಇದು ನೆನಪೇ ಇರಲಿಲ್ಲ," ಎಂದ. ಅವನ ಮುಖ ನೋಡಿದೆ, ಸುಳ್ಳಾಡುವ ಮುಖವಲ್ಲ ಅದು. ಟಿಕೆಟನ್ನು ಮಡಚಿ ನನ್ನ ಒಲೆಗೆ ಹಾಕಿದೆ, ಲಮ್ಯಾಯ್ ಕಣ್ಣಿಗೆ ಬೀಳದಿರಲೆಂದು.

ಮರುದಿನ ಡೋಲು ಶುರುವಾಗುವ ಮೊದಲು ಗಾಡಿ ಬಿಸಿಲಿಗೆ ಬಂತು. ಕರೀ ಬಾನೆಟ್ಟಿನಲ್ಲಿ ಆಕಾಶವಿತ್ತು, ನನ್ನ ಹುಣಸೆಮರದ ಒಂದೊಂದು ಎಲೆಯಿತ್ತು, ಮೂಗಿನ ಮಚ್ಚೆ ಸಮೇತ ಕಮ್ನಾನರಿದ್ದರು. ಅವರು ಬಾಯಿಬಿಟ್ಟು ಹೊಗಳಲಿಲ್ಲ, ಮಚ್ಚೆಯನ್ನು ಒಮ್ಮೆ ಮುಟ್ಟಿಕೊಂಡು ಗಾಡಿ ಹತ್ತಿದರು. ವಿಚಿಯನ್ ಚಿಂದಿ ಬಟ್ಟೆ ಹಿಡಿದು ಮಾಡಿನಡಿ ನಿಂತಿದ್ದ.

ಆಗ ಬುವಾ ಅತ್ತೆ ಬಂದಳು. ಕೈಯಲ್ಲಿ ಪೌಡರ್ ಡಬ್ಬಿ ಇದ್ದೇ ಇತ್ತು. ಮುಂದಿನ ಲಾಟರಿಗೆ ಏನಾದರೂ ಸಿಕ್ಕೀತೆಂಬ ಆಸೆ. ಈ ಕಡೆಯಿಂದ ಬಗ್ಗಿದಳು, ಆ ಕಡೆಯಿಂದ ಬಗ್ಗಿದಳು, ಕಣ್ಣು ಕಿರಿದು ಮಾಡಿ ಮೂಗು ತಾಗುವಷ್ಟು ಹತ್ತಿರ ಹೋದಳು. ಕೊನೆಗೆ ಬೇಸರದಿಂದ ಡಬ್ಬಿಯ ಮುಚ್ಚಳ ಹಾಕಿದಳು.

"ಥೂ, ಹಾಳು ಮಾಡಿಟ್ಟ. ಏನೂ ಇಲ್ಲ ಇದರಲ್ಲಿ! ಹುಡುಕಿದ್ರೆ ಒಂದು ಗೆರೆ ಇಲ್ಲ!"

ವಿಚಿಯನ್ ಓಡಿಬಂದು ಅವಳೆದುರು ನಿಂತು ಎರಡೂ ಕೈ ಮುಗಿದ. ಕಣ್ಣಲ್ಲಿ ನೀರಿತ್ತು.

"ಅತ್ತೇ," ಎಂದ, "ಇನ್ನೊಂದು ಸಲ ಹೇಳಿ. ಸ್ವಲ್ಪ ಜೋರಾಗಿ."