ಅಡುಗೆಮನೆಯಲ್ಲಿ ನಡೆದ ಓದಿನ ಪರೀಕ್ಷೆ

ಬೆಳಗಿನ ಆರೂವರೆ. ಮನೋಳಿ ಹತ್ತಿರದ ಹಳ್ಳಿಯ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಮರೆವ್ವ ಡಬ್ಬಿಗಳ ಚೀಟಿ ಕಿತ್ತು ಅದಲುಬದಲು ಅಂಟಿಸುತ್ತಿದ್ದಾರೆ. ಅಕ್ಕಿಯ ಡಬ್ಬಿಗೆ ‘ಬೇಳೆ’, ಬೆಲ್ಲದ ಡಬ್ಬಿಗೆ ‘ಜೀರಿಗೆ’. ಉಪ್ಪು, ಸಕ್ಕರೆಯ ಚೀಟಿಗಳನ್ನು ಮಾತ್ರ ಈಗ ಮುಟ್ಟುವುದಿಲ್ಲ. ಅದಕ್ಕೆ ಕಾರಣವಿದೆ.

ಶಾಲೆ ತೆರೆದ ಮೇಲೆ ಹಾಲು ಕುಡಿಯಲು ಬಂದ ಒಂದನೆಯ ತರಗತಿಯ ರೇಣು ಡಬ್ಬಿ ನೋಡಿದವಳೇ “ಅಕ್ಕಿ!” ಅನ್ನುತ್ತಾಳೆ.

“ಡಬ್ಬಿ ನೋಡಬ್ಯಾಡ, ಚೀಟಿ ನೋಡು.”

“ಬೇ... ಳೆ. ಬೇಳೆ! ಯವ್ವಾ, ಸುಳ್ಳ ಬರದೀಯಲ್ಲ!”

ಶಾಲೆಗೆ ಈ ವರ್ಷ ಓದು ಕಲಿಸುವ ಮೂರು ಪೆಟ್ಟಿಗೆಗಳು ಬಂದವು. ಒಂದು ಹಾಡಿ ಕಲಿಸುವಂಥದ್ದು, ಒಂದು ಚಿತ್ರ ತೋರಿಸಿ, ಮೂರನೆಯದು ಅಕ್ಷರದ ದನಿಗಳನ್ನು ಜೋಡಿಸಿ. ಒಂದೊಂದಕ್ಕೆ ಒಂಬತ್ತು ಮಕ್ಕಳು. ಮುಂದಿನ ವರ್ಷಕ್ಕೆ ಯಾವುದು ಬೇಕೆಂದು ಹೆಡ್‌ಮಾಸ್ತರ ಬಸಲಿಂಗಪ್ಪ ಇಲಾಖೆಗೆ ಬರೆದು ಕಳಿಸಬೇಕಿತ್ತು. ಪ್ರತಿ ಪೆಟ್ಟಿಗೆಯೊಳಗೂ ಅದರದೇ ಪರೀಕ್ಷೆ. ಮೂರೂ ಗುಂಪು ಪೂರಾ ಪಾಸು. ಹಾಗಾಗಿ ಶಾಲೆ ನೋಡಲು ಬಂದ ಅತಿಥಿಗಳೆದುರು ಚೆನ್ನಾಗಿ ಹಾಡಿದ ಗುಂಪು ಗೆದ್ದಿತ್ತು.

“ತಾ ಬಡದ ರೊಟ್ಟಿಗೆ ತಾನ ಛಲೋ ಅಂದಂಗಾತ್ರಿ,” ಎನ್ನುತ್ತಾರೆ ತೊಂಬತ್ತೆರಡು ಮಕ್ಕಳಿಗೆ ಅಡುಗೆ ಮಾಡುವ ಮರೆವ್ವ.

ನಾಲ್ಕನೆಯ ತರಗತಿಯವರೆಗೆ ಇಡೀ ಪುಸ್ತಕ ಬಾಯಿಪಾಠ ಒಪ್ಪಿಸಿ ಶಾಬಾಸ್ ಗಿಟ್ಟಿಸಿದವರು ಅವರು. “ಮದುವಿ ಆದಮ್ಯಾಗ ಸವದತ್ತಿ ಸ್ಟ್ಯಾಂಡಿನಾಗ ಬೈಲಹೊಂಗಲ ಗಾಡಿ ಅಂತ ಹತ್ತಿದ್ನಿ. ಇಳದಿದ್ದು ರಾಮದುರ್ಗದಾಗ. ಬೋರ್ಡು ಬಾಯಿಪಾಠ ಇರಲಿಲ್ಲ ನೋಡ್ರಿ!” ಓದಲು ಕಲಿತದ್ದು ಆಮೇಲೆ, ಕಿರಾಣಿ ಚೀಟಿಗಳಿಂದ.

ಯಾವ ಡಬ್ಬಿಯಲ್ಲಿ ಏನಿದೆಯೆಂದು ಮಕ್ಕಳಿಗೆ ಗೊತ್ತು. ಚೀಟಿ ಬದಲಿಸಿದರೆ ಮಾತ್ರ ನಿಜವಾದ ಓದು ತಿಳಿಯುತ್ತದೆ. ಹಾಗೆ ಓದಿಸಿದಾಗ ಹಾಡಿನವರಲ್ಲಿ ಇಬ್ಬರು ಓದಿದರು, ಚಿತ್ರದವರಲ್ಲಿ ಮೂವರು, ದನಿಯವರಲ್ಲಿ ಎಂಟು ಮಂದಿ.

ಗುಟ್ಟು ಬಯಲಾದದ್ದು ಹೋದ ಬುಧವಾರ. ರಜೆ ಮುಗಿಸಿ ಬಂದ ಸಹಾಯಕಿ ಕೆಂಚವ್ವ ಗಡಿಬಿಡಿಯಲ್ಲಿ ‘ಉಪ್ಪು’ ಎಂಬ ಚೀಟಿ ನಂಬಿ, ಸಾರಿಗೆ ಬಟ್ಟಲುಗಟ್ಟಲೆ ಸಕ್ಕರೆ ಸುರಿದರು. ಹೆಡ್‌ಮಾಸ್ತರು ತಟ್ಟೆ ಹಿಡಿದೇ ಬಂದರು. “ಇದೇನು ಸಾರೋ ಪಾಯಸೋ?”

“ನಾ ಓದೇ ಹಾಕೇನ್ರಿ ಸರ! ಓದಾಕ ಬರೂದು ತಪ್ಪೇನ್ರಿ?” ಕೆಂಚವ್ವನ ಬಾಯಿ ಜೋರು.

ಮರೆವ್ವ ಎಲ್ಲ ಒಪ್ಪಿಕೊಂಡು ತಮ್ಮ ಲೆಕ್ಕವನ್ನೂ ಹೇಳಿದರು. ಬೈಯಲು ಬಂದ ಮಾಸ್ತರು ತಾವೇ ಹೊಸ ಪದಗಳನ್ನು ಬರೆದು ಇಪ್ಪತ್ತೇಳೂ ಮಕ್ಕಳಿಂದ ಓದಿಸಿ ನೋಡಿದರು. ಫಲ ಹೆಚ್ಚುಕಡಿಮೆ ಅದೇ. ವರದಿಯಲ್ಲಿದ್ದ ಹಾಡಿನ ಪೆಟ್ಟಿಗೆಯ ಹೆಸರು ಹೊಡೆದುಹಾಕಿ, ದನಿಯದ್ದೇ ಬೇಕು ಎಂದು ಬರೆದರು.

“ನಿಮ್ಮ ಹೆಸರೂ ಬರೀಲೇನು, ಮರೆವ್ವಾ?”

“ಹೆಸರು ಆಮ್ಯಾಲ ಬರೀರಿ. ಪೆಟ್ಟಿಗಿ ಬರೂದು ಮುಂದಿನ ವರ್ಷ. ಉಳದ ಹದಿನೆಂಟು ಮಕ್ಕಳು ಅಲ್ಲೀತನಕ ಹಾಡ್ಕೋತ ಕುಂದ್ರಬೇಕೇನ್ರಿ? ನಾಳಿಂದ ಎಲ್ಲಾರ್ನೂ ದನಿ ಪೆಟ್ಟಿಗಿ ಮುಂದ ಒಂದ ಕಡೆ ಕುಂದ್ರಸ್ರಿ. ನಾ ಏನ್ ಮಕ್ಕಳಿಗೆ ಮೂರು ಥರಾ ಅಡಗಿ ಮಾಡಿ ಬಡಸ್ತೇನೇನು?”